ಕಿಟಕಿಯಿಲ್ಲದ ಕೋಣೆಗೆ ಕುರ್ಚಿ ಬಂದದ್ದು

ಇನ್ನು ಮನೆಯಿಂದಲೇ ಮಾಡಿ ಎಂದರು ಕಂಪನಿಯವರು,
ಬಾಡಿಗೆ ಉಳಿಸಲು ಒಂದು ಮಹಡಿಯನ್ನೇ ಬಿಟ್ಟುಕೊಟ್ಟು.
ನನ್ನ ಪಾಲಿಗೆ ಬಂದದ್ದು ಒಂದು ಲ್ಯಾಪ್‌ಟಾಪು, ಎರಡು ಕೇಬಲ್ಲು,
ಮುನ್ನೂರ ಹನ್ನೆರಡು ಮಂದಿಯ ಸಂಬಳದ ಪಟ್ಟಿ.

ಮೊದಲ ವಾರ ಊಟದ ಮೇಜಿನ ಮೇಲೆ ಕೂತೆ.
ಹಾಜರಿ ಹಾಳೆಗೆ ಮೀನುಸಾರಿನ ಕಲೆ.
ಯಾರದೋ ಓವರ್‌ಟೈಮಿಗೆ ರಿಯೋನಾ
ಹಸಿರು ಪೆನ್ಸಿಲಿನಲ್ಲಿ ಒಂದು ಸೊನ್ನೆ ಸೇರಿಸಿದ್ದಳು.
ಆಂಬ್ರೋಸ್ ಹೇಳಿದ: ಅಡುಗೆಮನೆಯ ಹಿಂದೆ ಆ ಕೋಣೆ ಇದೆಯಲ್ಲ,
ಅಕ್ಕಿ ಮೂಟೆ, ಸೂಟ್‌ಕೇಸು, ಕೆಟ್ಟ ಫ್ಯಾನು ತುಂಬಿಸಿಟ್ಟದ್ದು.

ಸಾಲ್ಮಿಯಾದ ಹಳೆಯ ಕಟ್ಟಡಗಳಲ್ಲಿ ಇರುತ್ತದೆ ಇಂಥದೊಂದು.
ನಕ್ಷೆಯಲ್ಲಿ ಅದಕ್ಕೆ ಕೆಲಸದವಳ ಕೋಣೆ ಎಂದು ಹೆಸರು.
ನಾವು ಕೆಲಸದವಳನ್ನು ಇಟ್ಟವರಲ್ಲ,
ಒಂಬತ್ತು ವರ್ಷ ಸ್ಟೋರು ಎಂದೇ ಕರೆದೆವು.

ಅಳೆದೆವು. ಉದ್ದ ಆರೂವರೆ ಅಡಿ,
ಅಗಲ ಐದಕ್ಕೆ ಎರಡು ಬೆರಳು ಕಮ್ಮಿ.
ಮಲಗಿದವರು ಬಾಗಿಲು ತೆರೆಯಲು ಕಾಲು ಮಡಚಬೇಕು.
ಆಗ ಅದು ಹೊಳೆಯಲಿಲ್ಲ,
ನಾವು ಮೇಜಿನ ಲೆಕ್ಕದಲ್ಲಿದ್ದೆವು.

ಶುಕ್ರವಾರದ ಸಂತೆಯಲ್ಲಿ ಕುರ್ಚಿಗೆ ಹದಿನಾಲ್ಕು ದಿನಾರ್ ಎಂದ, ಏಳಕ್ಕೆ ಇಳಿದ.
ಮರಳುಗಾಳಿಯ ಮಾರನೇ ದಿನ, ಎಲ್ಲದರ ಮೇಲೂ ಗೋಧಿಹಿಟ್ಟಿನಂಥ ಧೂಳು.
ಒರೆಸಿ ಕೂತು ಗಿರ್ರನೆ ಒಂದು ಸುತ್ತು ತಿರುಗಿದೆ,
ಹಳೆಯ ಫ್ರಿಜ್ಜುಗಳ ಸಾಲಿನ ನಡುವೆ, ಮಹಾರಾಣಿ.
ವನೇಟಿನ ಬಾಡಿಗೆ ಮೂರು.
ಕಾವಲುಗಾರ ಫತ್ಹಿ ಲಿಫ್ಟಿನಲ್ಲಿ ಆ ಕುರ್ಚಿಯಲ್ಲೇ ಕೂತು ಮೇಲೆ ಬಂದ.

ಮೊಣಕೈ ಮೇಜಿನ ಮಟ್ಟಕ್ಕೆ, ಪಾದ ಪೂರ್ತಿ ನೆಲಕ್ಕೆ,
ಪರದೆ ಕಣ್ಣಿನ ನೇರಕ್ಕೆ: ಎರಡು ಹಾಲಿನಪುಡಿ ಡಬ್ಬಗಳ ಮೇಲೆ.
ಉಳಿದದ್ದು ಬಣ್ಣ.

ಕೊನೆಯ ಮೂಟೆ ಸರಿಸಿದಾಗ ಗೋಡೆಯಲ್ಲಿ,
ಮಲಗಿದವರ ಕೈ ಎಟಕುವಷ್ಟು ಎತ್ತರದಲ್ಲಿ, ಪೆನ್ಸಿಲಿನ ಬರಹ.
ಕನ್ನಡವೇ ಅಂದುಕೊಂಡೆ. ತಲೆಕಟ್ಟು ಬೇರೆ.
ತಂಗಿಯ ಮುಖದಲ್ಲಿ ಅಕ್ಕನ ಮೂಗು ಕಂಡ ಹಾಗೆ
ತೆಲುಗು.
ತಡವರಿಸಿ ಓದಿದೆ: ಅಪ್ಪು. ಮುಂದೊಂದು ಅಂಕಿ.
ಕೆಳಗೆ ಮತ್ತೆ ಅಪ್ಪು, ಮತ್ತೆ ಅಂಕಿ. ಇಪ್ಪತ್ತಮೂರು ಸಾಲು.

ಯಾರನ್ನಪ್ಪ ಇವಳು ತೆಕ್ಕೆಯಲ್ಲಿ ಅಪ್ಪಿಕೊಂಡದ್ದು
ಎಂಬತ್ತು ಸಾವಿರ ಸಲ,
ಎಪ್ಪತ್ತಾರು ಸಾವಿರದ ಐನೂರು ಸಲ,
ಎಂದು ನಕ್ಕೆ. ಫೋಟೋ ತೆಗೆದು
ನಮ್ಮ ವಿಭಾಗದ ಗಂಗಾರತ್ನಂಗೆ ಕಳಿಸಿದೆ. ಕಡಪದವಳು.
ನಮ್ಮಲ್ಲಿ ಅಪ್ಪು ಅಂದರೆ ಸಾಲ ಕಣೇ, ಅಂದಳು.

ಮತ್ತೆ ಹೋಗಿ ಮಂಡಿಯೂರಿದೆ.
ಸಾಲಿಂದ ಸಾಲಿಗೆ ಮೂರೂವರೆ ಸಾವಿರ ಇಳಿದಿದೆ.
ಕೂಡಿ ಕಳೆದು ನೋಡಿದೆ, ನನ್ನ ಕಸುಬು ಅದು, ಒಂದೂ ತಪ್ಪಿಲ್ಲ.
ಒಂದು ತಿಂಗಳು ಮಾತ್ರ ಅಂಕಿ ಇದ್ದಲ್ಲೇ ಇದೆ,
ಅದರ ಪಕ್ಕ ಪೆನ್ಸಿಲಿನ ಮೊನೆ ಒತ್ತಿ ಮುರಿದ ಗುರುತು.
ಕಡೆಯ ಸಾಲು ಆರೂವರೆ ಸಾವಿರ.
ಅದರ ಕೆಳಗೆ ಸೊನ್ನೆ ಇಲ್ಲ.

ತೀರಿಸಿ ಹೋದಳೋ, ಬರೆಯಲು ಬೇರೆ ಗೋಡೆ ಸಿಕ್ಕಿತೋ.
ನಮಗಿಂತ ಮುಂಚೆ ಇಲ್ಲಿದ್ದ ಕುಟುಂಬದ ಹೆಸರೂ ನನಗೆ ಗೊತ್ತಿಲ್ಲ.

ಆಂಬ್ರೋಸ್ ಮೂರು ಗೋಡೆ ಬಳಿದು ನಾಲ್ಕನೆಯದಕ್ಕೆ ಕುಂಚ ಅದ್ದಿದ.
ಬಣ್ಣ ಸಾಲದು, ಬಿಡು ಎಂದೆ.
ಡಬ್ಬದಲ್ಲಿ ಅರ್ಧ ಉಳಿದಿತ್ತು. ಅವನು ಡಬ್ಬ ನೋಡಿದ,
ನನ್ನನ್ನು ನೋಡಿದ, ಮುಚ್ಚಳ ಒತ್ತಿ ಮುಚ್ಚಿದ.

ಈಗ ಎಲ್ಲ ಅಚ್ಚುಕಟ್ಟು. ದೀಪ ಎಡಕ್ಕೆ, ಫೈಲು ಬಲಕ್ಕೆ,
ಕೇಬಲ್ಲುಗಳನ್ನು ಜಡೆಯ ಹಾಗೆ ಹೆಣೆದು ರಬ್ಬರ್ ಬ್ಯಾಂಡ್ ಹಾಕಿದ್ದೇನೆ.
ಸೊಂಟನೋವು ಕಮ್ಮಿ.
ಇಪ್ಪತ್ತು ನಿಮಿಷಕ್ಕೊಮ್ಮೆ ಪರದೆ ಬಿಟ್ಟು ದೂರ ನೋಡಬೇಕಂತೆ ಕಣ್ಣಿಗೆ.
ಈ ಕೋಣೆಯಲ್ಲಿ ದೂರ ಎಲ್ಲಿಂದ ತರಲಿ,
ಕುರ್ಚಿ ತಿರುಗಿಸಿ ಬಗ್ಗಿ ಅದನ್ನೇ ನೋಡುತ್ತೇನೆ.

ಸಂಜೆ ದೀಪ ಆರಿಸಿ ಹೊರಡುವಾಗ
ಬಾಗಿಲಿಗೆ ಕುರ್ಚಿಯ ಕಾಲು ಅಡ್ಡ ಬರುತ್ತದೆ.
ಮಡಚಲು ಬರುವುದಿಲ್ಲ ಅದಕ್ಕೆ.